ವೇರ್‌ವುಲ್ಫ್‌ಗೂ ವೃಕೋದರನಿಗೂ ಏನು ನೆಂಟು?

ಹುಣ್ಣಿಮೆಯಲ್ಲಿ ತೋಳವಾಗುವ ಮನುಷ್ಯನ ಕಥೆ ಕೇಳಿರಬಹುದು, ಇಂಗ್ಲಿಷಿನಲ್ಲಿ ಅವನೇ ವೇರ್‌ವುಲ್ಫ್. ಪದಗಳ ಚರಿತ್ರೆ ಪಾಠ ಮಾಡುವ ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಈ ಪ್ರಶ್ನೆ ಬರುತ್ತದೆ: ‘ವೇರ್‌ವುಲ್ಫ್ ಅಂದರೆ ವೀರ, ವೃಕ. ಸಂಸ್ಕೃತದಿಂದ ಬಂದದ್ದು ತಾನೇ?’ ಕೇಳುವವರ ಮುಖದಲ್ಲಿ ನಿಧಿ ಸಿಕ್ಕ ಖುಷಿ. ಇಲ್ಲ ಅನ್ನಲು ನನಗೇ ಬೇಜಾರು.

ಅರ್ಧ ಸರಿ. ಹಳೆ ಇಂಗ್ಲಿಷಿನಲ್ಲಿ ‘ವೆರ್’ ಅಂದರೆ ಗಂಡಸು. ‘ವರ್ಲ್ಡ್’ ಒಳಗೂ ಅದೇ ಅಡಗಿದೆ: ಮನುಷ್ಯನ ಕಾಲ ಅಂತ ಅದರ ಮೊದಲ ಅರ್ಥ. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಅದರ ನೆಂಟರು. ‘ವುಲ್ಫ್’ಗೆ ‘ವೃಕ’ ನೆಂಟ. ತೋಳದ ಹೊಟ್ಟೆಯ ಭೀಮನೇ ವೃಕೋದರ, ಅಲ್ವಾ? (ವೇರ್‌ವುಲ್ಫ್‌ನ ಮೊದಲ ಭಾಗ ಈ ‘ವೆರ್’ ಹೌದೇ ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ನಾನು ಹೌದು ಅನ್ನುವವರ ಕಡೆ.)

ನೆಂಟರು ಅಂದೆ, ಅಪ್ಪ-ಮಗ ಅನ್ನಲಿಲ್ಲ. ಎಲ್ಲರೂ ಜಾರುವುದು ಇಲ್ಲೇ. ದೊಡ್ಡಪ್ಪನ ಮಗನಿಗೂ ನಿಮಗೂ ಒಂದೇ ಮೂಗಿದ್ದರೆ ಅವನು ನಿಮ್ಮ ಅಪ್ಪನಾಗುವುದಿಲ್ಲ. ಮೂಗು ತಾತನದು. ಇಂಗ್ಲಿಷಿಗೂ ಸಂಸ್ಕೃತಕ್ಕೂ ಹಾಗೆ ಒಬ್ಬ ತಾತ ಇದ್ದ, ಬರಹ ಬಿಟ್ಟುಹೋಗಲಿಲ್ಲ. 1786ರಲ್ಲಿ ಕಲ್ಕತ್ತದಲ್ಲಿ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಒಂದೇ ಮೂಲ, ಅದು ಬಹುಶಃ ಈಗ ಉಳಿದಿಲ್ಲ ಎಂದಿದ್ದರು. ಆ ಕೊನೆಯ ಮಾತು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಸುಮ್ನೆ ಕಿವಿಗೆ ಒಂದೇ ಥರ ಕೇಳಿಸಿದರೂ ಸಾಲದು. ‘ಬೆಟರ್’ಗೂ ಪಾರಸಿಯ ‘ಬೆಹ್ತರ್’ಗೂ ಅರ್ಥ ಒಂದೇ, ನೆಂಟಸ್ತನ ಇಲ್ಲ. ‘ಪಾದ’ಕ್ಕೂ ‘ಫುಟ್’ಗೂ ಇದೆ. ಯಾಕೆಂದರೆ ಪ ಇದ್ದಲ್ಲಿ ಫ, ದ ಇದ್ದಲ್ಲಿ ಟ ಬರುವುದು ಸಾಲು ಸಾಲು ಪದಗಳಲ್ಲಿ ಕಾಣುತ್ತದೆ: ಪಿತೃ-ಫಾದರ್, ದಶ-ಟೆನ್. ‘ವೃಕ’ದ ಕ ‘ವುಲ್ಫ್’ನಲ್ಲಿ ಫ ಆದದ್ದು ಮಾತ್ರ ಈ ಸಾಲಿಗೆ ಸುಲಭವಾಗಿ ಕೂರುವುದಿಲ್ಲ. ಅದೊಂದು ತಲೆನೋವು.

ವೇರ್‌ವುಲ್ಫ್ ಬರಹದಲ್ಲಿ ಮೊದಲು ಸಿಗುವುದು 11ನೇ ಶತಮಾನದಲ್ಲಿ ಇಂಗ್ಲೆಂಡ್ ಆಳಿದ ಕ್ನೂಟ್ ರಾಜನ ಕಾನೂನುಗಳಲ್ಲಿ. ಅಲ್ಲಿ ಅದು ಹುಣ್ಣಿಮೆಯ ಪ್ರಾಣಿಯಲ್ಲ, ಸೈತಾನ. ಪಾದ್ರಿಗಳು ಕುರುಬರ ಹಾಗೆ ಮಂದೆಯನ್ನು ಅವನಿಂದ ಕಾಯಬೇಕಂತೆ. ಆ ಕಾನೂನು ಬರೆದುಕೊಟ್ಟ ಆರ್ಚ್‌ಬಿಷಪ್ ಹೆಸರು ವುಲ್ಫ್‌ಸ್ಟನ್. ಅವರ ಹೆಸರಿನಲ್ಲೇ ತೋಳ!

ಒಮ್ಮೆ ಇಷ್ಟೆಲ್ಲ ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, ‘ಹಾಗಾದ್ರೆ ನಮ್ಮ ತೋಳ?’ ಎಂದರು. ಖುಷಿಯಾಯಿತು. ತೋಳ ಈ ಸಂಸಾರದ್ದೇ ಅಲ್ಲ. ಅದರ ನೆಂಟ ಪಕ್ಕದಲ್ಲೇ ಇದ್ದಾನೆ, ತೆಲುಗಿನ ‘ತೋಡೇಲು’.