ಕಾರ್ಬುರೇಟರಿನ ಮೇಲಿನ ಮೂರು ಅಂಕಿ

ಮಿಶಿಗನ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರ ಗ್ಯಾರೇಜಿನಲ್ಲಿ 1969ರ ಷೆವ್ರೊಲೆ ಕ್ಯಾಮರೋ ಜೆಡ್/28 ಇದೆ. ಬಣ್ಣ ಹೊಡೆಸಿದ್ದಾಗಿದೆ, ಇಂಜಿನ್ ಬಿಚ್ಚಿ ಮತ್ತೆ ಕೂರಿಸಿದ್ದಾಗಿದೆ, ಕಾರು ಚೆನ್ನಾಗಿಯೇ ಓಡುತ್ತದೆ. ಆದರೂ ಆರು ವರ್ಷ ಅವರು ಒಂದು ಕಾರ್ಬುರೇಟರಿಗಾಗಿ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗಕ್ಕಾಗಿ, ಅಲೆದರು. ಅಂಗಡಿಯಲ್ಲಿ ಸಿಗುವ ಯಾವುದೋ ಒಂದಲ್ಲ. ಆ ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನ ಇಂಜಿನ್ ಮೇಲೆ ಏನು ಕೂತಿತ್ತೋ ಅಂಥದ್ದೇ ಬೇಕಿತ್ತು: ಹೋಲಿ ಕಂಪನಿಯದು, ಲಿಸ್ಟ್ ನಂಬರ್ (ಹೋಲಿಯ ಮಾದರಿ ಸಂಖ್ಯೆ) 4053, ಷೆವ್ರೊಲೆಯ ಒಡೆಯರಾದ ಜನರಲ್ ಮೋಟರ್ಸ್‌ನ ನಂಬರ್ 3923289, ಮುಂದೆ ಡಿಜೆಡ್ ಎಂಬ ಎರಡಕ್ಷರ. ಅದಕ್ಕೂ ಮಿಗಿಲಾಗಿ, ತಯಾರಾದ ವಾರವನ್ನು ಹೇಳುವ ಮೂರು ಅಂಕಿ ಸರಿಯಾಗಿರಬೇಕಿತ್ತು.

ಹೊಸಬರಿಗೆ ಇದು ಅತಿಯಾದ ಹಟ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಈ ಹಟದ ಬೇರು ಕಾರಿನ ಗುರುತಿನ ಸಂಖ್ಯೆಯಲ್ಲೇ ಇದೆ. 1969ರ ಕ್ಯಾಮರೋದ ಆ ಸಂಖ್ಯೆ, ಇದು ಎಂಟು ಸಿಲಿಂಡರಿನ ಕೂಪೆ ಅನ್ನುವಷ್ಟನ್ನು ಹೇಳುತ್ತದೆಯೇ ಹೊರತು ಜೆಡ್/28 ಹೌದೋ ಅಲ್ಲವೋ ಹೇಳುವುದಿಲ್ಲ. ಜೆಡ್/28 ಅನ್ನುವುದು ಆರ್ಡರ್ ಕೊಡುವಾಗ ಗುರುತು ಹಾಕುವ ಒಂದು ಆಯ್ಕೆಯಾಗಿತ್ತು, ಅಷ್ಟೆ. ಆ ವರ್ಷ ಅಂಥ ಕಾರುಗಳು ತಯಾರಾಗಿದ್ದು 20,302. ಸಾಧಾರಣ ಕ್ಯಾಮರೋಗೆ ಪಟ್ಟೆ ಬಳಿದು ಜೆಡ್/28 ಎಂದು ಮಾರುವುದು ಯಾರಿಗೂ ಕಷ್ಟವಲ್ಲ. ಹಳೆಯ ಕಾಗದಪತ್ರ ಕಳೆದುಹೋದ ಕಾರಿಗೆ ಅದರ ಬಿಡಿಭಾಗಗಳೇ ಸಾಕ್ಷಿ ಹೇಳಬೇಕು.

ಆ ಸಾಕ್ಷಿಗಳು ಯಾಕೆ ಇಷ್ಟು ಅಪರೂಪವಾದವು ಅನ್ನುವುದೇ ಈ ಕಥೆ.

ಜೆಡ್/28 ಹುಟ್ಟಿದ್ದು ರೇಸಿಗಾಗಿ. ಅಮೆರಿಕದ ಟ್ರಾನ್ಸ್-ಆ್ಯಮ್ ಕಾರ್ ರೇಸಿನಲ್ಲಿ ಇಂಜಿನ್ ಐದು ಲೀಟರ್ ಮೀರಬಾರದೆಂಬ ಕಟ್ಟಳೆ ಇತ್ತು. ಹಾಗಾಗಿ ಷೆವ್ರೊಲೆಯವರು 327 ಘನ ಇಂಚಿನ ಇಂಜಿನ್ನಿನ ಬ್ಲಾಕಿಗೆ 283 ಘನ ಇಂಚಿನದರ ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) ಕೂಡಿಸಿ 302 ಘನ ಇಂಚಿನದನ್ನು, ಅಂದರೆ ಐದು ಲೀಟರಿಗೆ ತುಸು ಕಡಿಮೆಯದನ್ನು, ಮಾಡಿದರು. ಕಾಗದದ ಮೇಲೆ 290 ಅಶ್ವಶಕ್ತಿ. ಅದರ ನೆತ್ತಿಯ ಮೇಲೆ ನಿಮಿಷಕ್ಕೆ 780 ಘನ ಅಡಿ ಗಾಳಿ ಎಳೆಯಬಲ್ಲ ನಾಲ್ಕು ಬಾಯಿಯ ಹೋಲಿ ಕಾರ್ಬುರೇಟರ್. 1967ರಲ್ಲಿ 602 ಕಾರು ಹೊರಬಂದವು, 1968ರಲ್ಲಿ 7,199. 1968 ಮತ್ತು 1969ರ ಟ್ರಾನ್ಸ್-ಆ್ಯಮ್ ಪ್ರಶಸ್ತಿ ಎರಡೂ ಕ್ಯಾಮರೋಗೇ ಬಂದವು. ಕೊಂಡವರಲ್ಲಿ ಬಹಳ ಮಂದಿ ಹುಡುಗರು. ಶನಿವಾರ ಸಂಜೆ ಡ್ರ್ಯಾಗ್ ರೇಸ್, ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಕೆಲಸಕ್ಕೆ.

ಮೊದಲ ನಷ್ಟ ಆಗಿದ್ದು ಅಲ್ಲೇ. ಹೋಲಿ ಕಾರ್ಬುರೇಟರಿನ ಮೇಲ್ಭಾಗದಲ್ಲಿ ಚೋಕಿನ ತಗಡನ್ನು ಹಿಡಿದಿರುವ ಗೋಡೆಯಂಥ ಭಾಗವಿದೆ, ಚೋಕ್ ಹಾರ್ನ್ ಅನ್ನುತ್ತಾರೆ. ಚಳಿಯಲ್ಲಿ ಇಂಜಿನ್ ಎಬ್ಬಿಸಲು ಚೋಕ್ ಬೇಕು, ರೇಸಿಗೆ ಬೇಡ. ಗಾಳಿ ಸರಾಗವಾಗಿ ನುಗ್ಗಲೆಂದು ರೇಸಿನವರು ಆ ಗೋಡೆಯನ್ನೇ ಮಿಲ್ಲಿಂಗ್ ಯಂತ್ರಕ್ಕೆ ಕೊಟ್ಟು ಕೊಯ್ದು ಹಾಕಿಸುತ್ತಿದ್ದರು. ಜನರಲ್ ಮೋಟರ್ಸ್‌ನ ನಂಬರ್, ಲಿಸ್ಟ್ ನಂಬರ್, ತಾರೀಖು ಮೂರನ್ನೂ ಹೊಡೆದಿದ್ದದ್ದು ಅದೇ ಗೋಡೆಯ ಮೇಲೆ. ಹಾಗೆ ಎಷ್ಟು 4053ಗಳು ಹೆಸರಿಲ್ಲದವಾದವೋ ಲೆಕ್ಕವಿಲ್ಲ. ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲಂಚು ಕನ್ನಡಿಯ ಹಾಗೆ ನುಣುಪು. ಅದು ಯಾವ ಕಾರಿನದು, ಯಾವ ವಾರದ್ದು ಎಂದು ಇನ್ನು ಯಾರೂ ಹೇಳಲಾರರು.

ಎರಡನೆಯ ನಷ್ಟ ಇದಕ್ಕಿಂತ ದೊಡ್ಡದು, ಆದರೆ ಸದ್ದಿಲ್ಲದೆ ಆದದ್ದು. ನಮ್ಮಲ್ಲಿ ಹಳೆ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವುದಿಲ್ಲವೇ, ಅಮೆರಿಕದಲ್ಲಿ ಕಾರ್ಬುರೇಟರಿಗೂ, ಟ್ಯಾಂಕಿನಿಂದ ಅದಕ್ಕೆ ಪೆಟ್ರೋಲ್ ತಳ್ಳುವ ಕಾರಿನೊಳಗಿನ ಪೆಟ್ರೋಲ್ ಪಂಪಿಗೂ ಅದೇ ಪದ್ಧತಿ ಇತ್ತು. ಕೆಟ್ಟದ್ದನ್ನು ಕೌಂಟರಿನ ಮೇಲಿಟ್ಟರೆ ರಿಪೇರಿಯಾದ ಇನ್ನೊಂದನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರು. ಕೆಟ್ಟದ್ದಕ್ಕೆ ಕೋರ್ ಎಂದು ಹೆಸರು. ಈ ಕೋರ್‌ಗಳು ರಾಶಿಗಟ್ಟಲೆ ಕಾರ್ಖಾನೆಗೆ ಹೋಗಿ, ಬಿಚ್ಚಿಸಿಕೊಂಡು, ರಾಸಾಯನಿಕದ ತೊಟ್ಟಿಯಲ್ಲಿ ಮುಳುಗಿ ಏಳುತ್ತಿದ್ದವು. ಒಂದರ ಮೈ, ಇನ್ನೊಂದರ ಥ್ರಾಟಲ್ ತಳ, ಮತ್ತೊಂದರ, ಪೆಟ್ರೋಲ್ ಅಳೆದು ಬಿಡುವ ಮೀಟರಿಂಗ್ ಬ್ಲಾಕ್ ಕೂಡಿಸಿ ಜೋಡಿಸುತ್ತಿದ್ದರು. ಇನ್ನೊಂದು ತಯಾರಕರಾದ ಕಾರ್ಟರ್ ಕಂಪನಿಯ ಕಾರ್ಬುರೇಟರುಗಳಿಗೆ ಸ್ಕ್ರೂ ಕೆಳಗೆ ಸಿಕ್ಕಿಸಿದ ಪುಟ್ಟ ಬಿಲ್ಲೆಯ ಮೇಲೆ ನಂಬರ್ ಇರುತ್ತಿತ್ತು, ಬಿಲ್ಲೆ ಬಿದ್ದುಹೋದರೆ ಗುರುತೂ ಹೋಯಿತು. ಕಾರು ಓಡಿದರೆ ಸಾಕು ಅನ್ನುವ ಕಾಲ ಅದು. ಯಾರೂ ತಪ್ಪು ಮಾಡಲಿಲ್ಲ. ಕೆಲವು ಡಾಲರ್ ಉಳಿಸಲೆಂದು ಕಾರಿನೊಡೆಯ ಕೌಂಟರಿನ ಮೇಲಿಟ್ಟು ಬಂದದ್ದನ್ನು ಐವತ್ತು ವರ್ಷದ ನಂತರ ಅವನ ಮೊಮ್ಮಗ ಹುಡುಕುತ್ತಿದ್ದಾನೆ.

ನಡುವೆ ಕಾಲವೂ ಮುಖ ತಿರುಗಿಸಿತು. 1970ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಿಗಿಯಾಯಿತು. ಪೆಟ್ರೋಲಿನ ಆವಿ ಹಿಡಿದಿಡುವ ವ್ಯವಸ್ಥೆ 1970ರಲ್ಲಿ ಕ್ಯಾಲಿಫೋರ್ನಿಯಾಕ್ಕೆ, 1971ರಲ್ಲಿ ದೇಶಕ್ಕೆಲ್ಲ ಬಂತು. ಟ್ಯಾಂಕೂ ಕೊಳವೆಗಳೂ ಬದಲಾದವು. 1971ರಲ್ಲಿ ಜನರಲ್ ಮೋಟರ್ಸ್ ಇಂಜಿನ್ನುಗಳ ಕಂಪ್ರೆಶನ್, ಅಂದರೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತುವ ಪ್ರಮಾಣ, ಇಳಿಸಿತು. 1973ರ ತೈಲ ನಿರ್ಬಂಧದ ಮೇಲೆ ಈ ಕಾರುಗಳು ಬಾಯಾರಿದ ಎತ್ತಿನಂತೆ ಪೆಟ್ರೋಲ್ ಹೀರುವ ಹಳೆ ಗಾಡಿಗಳಾದವು, ಅಗ್ಗಕ್ಕೆ ಕೈಬದಲಾದವು. ಷೋರೂಮಿನವರೂ ಹಳೆಯ ನಂಬರಿನ ಬದಲು ಹಲವು ಮಾದರಿಗೆ ಹೊಂದುವ ಒಂದೇ ಸರ್ವಿಸ್ ನಂಬರಿನದನ್ನು ಕೊಡತೊಡಗಿದರು.

ಹಾಗಾಗಿ ಇಂದು ಕಂಪನಿಯ ಡಬ್ಬಿಯೊಳಗೇ ಉಳಿದ ಹಳೆಯ ಮಾಲು, ಇಲ್ಲಿಯವರು ಎನ್‌ಓಎಸ್ ಅನ್ನುವುದು, ಸಿಕ್ಕಿತೆಂದರೂ ಅದು ಸರಿಯಾದದ್ದೇ ಎಂದಲ್ಲ. ಡಬ್ಬಿ ಅಸಲಿ, ಭಾಗ ಅಸಲಿ, ಆದರೆ ಅದು ರಿಪೇರಿಗೆಂದು ಆಮೇಲೆ ತಯಾರಾದದ್ದಿರಬಹುದು. ಹೋಲಿಯಲ್ಲಿ ಲಿಸ್ಟ್ ನಂಬರಿನ ನಂತರ ಗೆರೆ ಹಾಕಿ 1 ಅಥವಾ 2 ಎಂದಿದ್ದರೆ ಅದು ನಂತರದ ತಿದ್ದುಪಡಿ. ಸಾವಿರಗಟ್ಟಲೆ ಡಾಲರ್ ಸುರಿದ ಮೇಲೆ ಈ ಗೆರೆಯನ್ನು ಗಮನಿಸಿದವರ ಮುಖ ನೋಡಲಾಗುವುದಿಲ್ಲ.

ಹುಡುಕಾಟಕ್ಕೆ ಶಿಸ್ತು ಕಲಿಸಿದವರು ಷೆವ್ರೊಲೆಯದೇ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ಅಭಿಮಾನಿಗಳು. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ, ಹೊಳಪಿಗಿಂತ ಕಾರ್ಖಾನೆ ಬಿಟ್ಟ ಸ್ಥಿತಿಗೆ ಅಂಕ ಕೊಡುವುದನ್ನು ರೂಢಿಗೆ ತಂದಿತು. ಆ ಕಣ್ಣು ಕ್ರಮೇಣ ಮಸಲ್ ಕಾರುಗಳ, ಅಂದರೆ ಕ್ಯಾಮರೋದಂಥ ಬಲವಾದ ಇಂಜಿನ್ನಿನ ಕಾರುಗಳ, ಮೇಲೂ ಬಿತ್ತು. ಬೆಲೆ ಏರಿದಂತೆ ಅಂಕಿಗಳ ಬೆಲೆಯೂ ಏರಿತು.

ಅಂಕಿ ಓದುವುದು ಕಷ್ಟವಲ್ಲ. ಆ ಕಾಲದ ಹೋಲಿಯಲ್ಲಿ ಮೊದಲನೆಯದು ವರ್ಷ, ಎರಡನೆಯದು ತಿಂಗಳು, ಮೂರನೆಯದು ವಾರ. 942 ಎಂದರೆ 1969, ಏಪ್ರಿಲ್, ಎರಡನೇ ವಾರ. ಬೇರೆ ಕೆಲವು ಕ್ಯಾಮರೋಗಳಲ್ಲಿ ಇದ್ದ ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬುರೇಟರಿನ ಲೆಕ್ಕವೇ ಬೇರೆ. 7029203 ಅಂದರೆ 702 ಅರವತ್ತರ ದಶಕ, ಮುಂದಿನ 9 ವರ್ಷ. ಷೆವ್ರೊಲೆಯದರಲ್ಲಿ ಕೊನೆಯ ಅಂಕಿ ಬೆಸವಾಗಿದ್ದರೆ ಗೇರ್ ಕೈಯಲ್ಲಿ ಹಾಕುವ ಕಾರಿನದು, ಸಮವಾಗಿದ್ದರೆ ಆಟೊಮ್ಯಾಟಿಕ್. ಪಕ್ಕದ ನಾಲ್ಕಂಕಿಯಲ್ಲಿ ಮೊದಲ ಮೂರು ವರ್ಷದ ಎಷ್ಟನೇ ದಿನ, ಕೊನೆಯದು ವರ್ಷ. ಪೆಟ್ರೋಲ್ ಪಂಪಿನ ನಂಬರ್ ಅದನ್ನು ಇಂಜಿನ್ನಿಗೆ ಬಿಗಿಯುವ ಫ್ಲ್ಯಾಂಜಿನ ಅಂಚಿನಲ್ಲಿ ಇರುತ್ತದೆ. ಎಣ್ಣೆಜಿಡ್ಡಿನ ಕೆಳಗೆ ಹೂತುಹೋಗಿ, ಬ್ರಷ್ ಹಿಡಿದು ಉಜ್ಜಿದರೆ ಮಾತ್ರ ಕಾಣುತ್ತದೆ.

ನಮ್ಮ ಹಿರಿಯರ ಕಾರಿನ ಬಾಡಿಗೆ ಕಾರ್ಖಾನೆಯವರು ಹೊಡೆದ ಗುರುತಿನ ತಗಡಿನ ಮೇಲೆ 05ಬಿ ಎಂದಿದೆ. ಮೇ ತಿಂಗಳ ಎರಡನೇ ವಾರ, ಓಹಾಯೊದ ನಾರ್‌ವುಡ್ ಕಾರ್ಖಾನೆ. ಇಂಜಿನ್ ಮೇಲೆ ವಿ0502ಡಿಜೆಡ್: ಫ್ಲಿಂಟ್ ಕಾರ್ಖಾನೆಯಲ್ಲಿ ಮೇ 2ರಂದು ಜೋಡಿಸಿದ್ದು. ಅಂದಮೇಲೆ ಕಾರ್ಬುರೇಟರ್ ಅದಕ್ಕೂ ಕೆಲವು ವಾರ ಮುಂಚಿನದಾಗಿರಲೇಬೇಕು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಹಳೆ ಕಾರು ಭಾಗಗಳ ಸಂತೆಯಲ್ಲಿ ಅವರ ಜೊತೆ ಎರಡು ದಿನ ಸುತ್ತಿದ್ದೇನೆ. ಒಂದು ಟೇಬಲ್ ಮೇಲೆ 4053 ಇತ್ತು. ತಾರೀಖು 963, ಅಂದರೆ ಜೂನ್. ಕಾರು ಹುಟ್ಟಿದ ಮೇಲೆ ತಯಾರಾದ ಕಾರ್ಬುರೇಟರ್. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು ಮುಂದೆ ನಡೆದರು. ಇನ್ನೊಂದರಲ್ಲಿ ಅಂಕಿ ಸರಿಯಾಗಿದ್ದವು, ಆದರೆ ಟಾರ್ಚ್ ಓರೆಯಾಗಿ ಹಿಡಿದಾಗ ಅಂಕಿಗಳ ಸುತ್ತ ಮರಳು ಕಾಗದ ಉಜ್ಜಿದ ಗೆರೆ ಕಂಡವು, ಒಂಬತ್ತರ ಬಾಲ ಕಾರ್ಖಾನೆಯ ಅಚ್ಚಿನಂತಿರಲಿಲ್ಲ. ಹಳೆಯ ನಂಬರ್ ತಿಕ್ಕಿ ಹೊಸದು ಹೊಡೆದಿದ್ದರು. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ. ಮಾರುವವನಿಗೆ ಒಂದು ಬಾರಿಯ ಲಾಭ, ಆದರೆ ಆ ಕಾರಿನ ಚರಿತ್ರೆಯೇ ಶಾಶ್ವತವಾಗಿ ಕೆಡುತ್ತದೆ.

ಮರುತಯಾರಿಕೆಯ ಭಾಗಗಳ ಬಗ್ಗೆ ನನಗೆ ಆ ಸಿಟ್ಟಿಲ್ಲ. ಟ್ಯಾಂಕ್, ಬಗ್ಗಿಸಿಟ್ಟ ಕಬ್ಬಿಣದ ಕೊಳವೆ, ಸ್ಪ್ರಿಂಗ್ ಕ್ಲಿಪ್ಪುಗಳು ಇವತ್ತು ಹೊಸದಾಗಿ ಚೆನ್ನಾಗಿಯೇ ಬರುತ್ತವೆ. ತುಕ್ಕು ತಿಂದ ಹಳೆ ಟ್ಯಾಂಕಿಗಿಂತ ಅವೇ ಕ್ಷೇಮ. ಹೋಲಿ ಕಂಪನಿಯೇ ತನ್ನ ಕೆಲವು ಹಳೆಯ ಮಾದರಿಗಳನ್ನು ಮತ್ತೆ ತಯಾರಿಸಿತು. ಹೊಸದು ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಪೆಟ್ರೋಲೂ ಬದಲಾಗಿದೆಯಲ್ಲ. ಈಗ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಇರುತ್ತದೆ. ಅದು ಅರವತ್ತರ ದಶಕದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ನೀರು ಹೀರಿಕೊಂಡು ಕಾರ್ಬುರೇಟರಿನ ಸತುಲೋಹವನ್ನು ಬಿಳಿ ಹುಡಿಯಾಗಿಸುತ್ತದೆ. ಊರಲ್ಲಿ ಶೇ. 20ರ ಎಥನಾಲ್ ಪೆಟ್ರೋಲ್ ಬಂದ ಮೇಲೆ ಹಳೆ ಬೈಕು, ಸ್ಕೂಟರ್ ಇಟ್ಟುಕೊಂಡವರಿಗೆ ಈ ಚಿಂತೆ ನಾನು ವಿವರಿಸಬೇಕಿಲ್ಲ.

ಹಿರಿಯರಿಗೆ ಕೊನೆಗೂ ಸಿಕ್ಕಿತು. ತೀರಿಕೊಂಡ ಮೆಕ್ಯಾನಿಕ್ ಒಬ್ಬರ ಮನೆಯವರು ಕೊಟ್ಟಿಗೆ ಖಾಲಿ ಮಾಡುವಾಗ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಳೆಯ ಪತ್ರಿಕೆ ಸುತ್ತಿಟ್ಟದ್ದು. ಚೋಕ್ ಹಾರ್ನ್ ಇಡಿಯಾಗಿದೆ, ಮೀಟರಿಂಗ್ ಬ್ಲಾಕಿನ ನಂಬರುಗಳೂ ಹೊಂದುತ್ತವೆ, ಅಂಕಿ 942. ಅವರು ನನ್ನನ್ನು ಕರೆದು, ದೀಪ ಹತ್ತಿರ ತಂದು, ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಅಂಕಿಯ ಮೇಲೆ ಗೀರಿ ತೋರಿಸಿದರು. ಅದರ ಜೊತೆಗೆ ಹೊಂದುವ ಪೆಟ್ರೋಲ್ ಪಂಪ್ ಇನ್ನೂ ಸಿಕ್ಕಿಲ್ಲ. ಕಾರು ಈಗಲೂ ಮರುತಯಾರಿಕೆಯ ಕಾರ್ಬುರೇಟರಿನ ಮೇಲೇ ಓಡುತ್ತಿದೆ. 942 ಮೇಲಿನ ಕಪಾಟಿನಲ್ಲಿ, ಅದೇ ಬಿಸ್ಕತ್ತಿನ ಡಬ್ಬಿಯಲ್ಲಿದೆ.