ಇಬ್ಬರು ಕ್ಯಾಪ್ಟನ್, ಎರಡು ಟ್ಯಾಕಲ್: ಒಬ್ಬನಿಗೆ ಕೆಂಪು, ಇನ್ನೊಬ್ಬನಿಗೆ ಹಳದಿ ಯಾಕೆ?

2023ರ ರಗ್ಬಿ ವಿಶ್ವಕಪ್ ಫೈನಲ್ ಮುಗಿದು ಎಷ್ಟೋ ದಿನವಾಯ್ತು. ಕಲಬುರಗಿಯ ನಮ್ಮ ಗುಂಪಿನಲ್ಲಿ ಮಾತ್ರ ಅದರ ಜಗಳ ಇನ್ನೂ ಮುಗಿದಿಲ್ಲ. ಸ್ಟೇಷನ್ ರೋಡಿನ ಚಹಾ ಹೋಟೆಲಿನಲ್ಲಿ ತಟ್ಟೆಯ ಮಿರ್ಚಿ ಭಜಿ ಆರುತ್ತದೆ, ಈ ಮಾತು ಆರುವುದಿಲ್ಲ. ಅಕ್ಟೋಬರ್ 28ರ ಪಂದ್ಯ, ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್‌ನಲ್ಲಿ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿ ಹನ್ನೆರಡೂವರೆ. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಚೆಂಡು ಹಿಡಿದವನನ್ನು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಅಂತಾರೆ. ಅದರಲ್ಲಿ ತಪ್ಪು ಮಾಡಿದ ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್‌ಗೆ ಕೆಂಪು ಕಾರ್ಡ್ ಬಿತ್ತು, ಪಂದ್ಯದಿಂದಲೇ ಹೊರಗೆ. ದಕ್ಷಿಣ ಆಫ್ರಿಕಾ ಕ್ಯಾಪ್ಟನ್ ಸಿಯಾ ಕೊಲಿಸಿಗೆ ಹಳದಿಯಲ್ಲೇ, ಅಂದರೆ ಹತ್ತು ನಿಮಿಷ ಹೊರಗೆ ಕೂರುವುದರಲ್ಲೇ ಮುಗಿಯಿತು.

"ಇಬ್ರೂ ತಲಿಗೇ ಬಡದಾರಲ್ರಿ ಅಣ್ಣಾ, ಒಬ್ಬಗೊಂದು ನ್ಯಾಯ, ಇನ್ನೊಬ್ಬಗೊಂದು ನ್ಯಾಯ ಏನ್ರಿ?" ಅಂತ ಹುಡುಗರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಉತ್ತರ ಬೇಕಾದರೆ ಆ ರಾತ್ರಿಯನ್ನಷ್ಟೇ ನೋಡಿದರೆ ಸಾಲದು, ಹತ್ತು-ಹನ್ನೆರಡು ವರ್ಷ ಹಿಂದೆ ಹೋಗಬೇಕು.

2011ರ ವಿಶ್ವಕಪ್ ಸೆಮಿಫೈನಲ್. ವೇಲ್ಸ್ ಕ್ಯಾಪ್ಟನ್ ಸ್ಯಾಮ್ ವಾರ್‌ಬರ್ಟನ್ ಫ್ರಾನ್ಸ್ ಆಟಗಾರನನ್ನು ಎತ್ತಿ ಕೆಳಗೆ ಬಿಟ್ಟ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ರೆಫರಿ ಅಲನ್ ರೋಲಂಡ್ ಕೆಂಪು ಕಾರ್ಡ್ ತೆಗೆದರು. ವೇಲ್ಸ್ 9-8ರಿಂದ ಸೋತಿತು. ರೆಫರಿ ಪಂದ್ಯ ಕೆಡಿಸಿದರು ಅಂತ ದೊಡ್ಡ ಗಲಾಟೆಯಾಯ್ತು. ಆಗ ಪಂದ್ಯ ಹಾಳಾಗಬಾರದು ಅನ್ನೋದೇ ಬಹಳ ಜನರ ಮೊದಲ ಚಿಂತೆ.

ತಲೆಗೆ ಪೆಟ್ಟು ಬಿದ್ದವರ ಕಥೆಗಳು ಹೊರಗೆ ಬರುತ್ತಾ ಹೋದ ಹಾಗೆ ಆ ಚಿಂತೆ ಬದಲಾಯಿತು. 2017ರ ಜನವರಿಯಲ್ಲಿ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿ ನಿಯಮ ಬಿಗಿ ಮಾಡಿತು: ಆಕಸ್ಮಿಕವಾಗಿ ತಲೆಗೆ ತಗುಲಿದರೂ ಕನಿಷ್ಠ ಪೆನಾಲ್ಟಿ (ಎದುರಾಳಿಗೆ ಒದೆತದ ಅವಕಾಶ), ಹಿಂದುಮುಂದು ನೋಡದೆ ನುಗ್ಗಿದರೆ ಕಾರ್ಡ್. 2019ರಲ್ಲಿ, ಜಪಾನ್ ವಿಶ್ವಕಪ್‌ಗೆ ಮುಂಚೆ, ರೆಫರಿ ಒಂದಾದ ಮೇಲೊಂದು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಗೊತ್ತು ಮಾಡಿದರು. ತಲೆಗೆ ತಗುಲಿತಾ? ಎಷ್ಟು ಜೋರಾಗಿ? ಎದುರಾಳಿ ಒಮ್ಮೆಲೇ ಕೆಳಗೆ ತಗ್ಗಿದನಾ, ಹೊಡೆದವನು ಬಗ್ಗಲು ಪ್ರಯತ್ನಪಟ್ಟನಾ? ಕಾರ್ಡಿನ ಬಣ್ಣ ಈ ಉತ್ತರಗಳ ಮೇಲೆ ನಿಂತಿದೆ.

2020ರ ಡಿಸೆಂಬರ್‌ನಲ್ಲಿ ಸ್ಟೀವ್ ಥಾಂಪ್ಸನ್ ಮಾತಾಡಿದರು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕ್ಕರ್ (ಮುಂದಿನ ಸಾಲಿನ ನಡುವೆ ಆಡುವವರು) ಅವರು. 42ನೇ ವಯಸ್ಸಿಗೇ ಮರೆವಿನ ಕಾಯಿಲೆ. ತಾನು ಗೆದ್ದ ಫೈನಲ್ ತನಗೇ ನೆನಪಿಲ್ಲ ಅಂದರು. ಇದನ್ನು ಓದಿದ ದಿನದಿಂದ ಕಾರ್ಡಿನ ಬಗ್ಗೆ ನನ್ನ ಅಭಿಪ್ರಾಯ ಅಲುಗಾಡಿಲ್ಲ.

ಇನ್ನು ಬಂಕರ್. ಇದು ಬಂದದ್ದು 2023ರ ವಿಶ್ವಕಪ್‌ಗೆ ಸ್ವಲ್ಪ ಮುಂಚೆ. ಮೈದಾನದ ರೆಫರಿ ಹಳದಿ ಕೊಟ್ಟು ಆಟಗಾರನನ್ನು ಹತ್ತು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟರಲ್ಲಿ ಬೇರೊಬ್ಬ ಅಧಿಕಾರಿ ಎಂಟು ನಿಮಿಷದೊಳಗೆ ವಿಡಿಯೊ ನೋಡಿ ಅದು ಕೆಂಪಾಗಬೇಕಾ ಅಂತ ಹೇಳಬೇಕು.

ಈಗ ಆ ಎರಡು ಟ್ಯಾಕಲ್‌ಗಳಿಗೆ ಬರೋಣ. 28ನೇ ನಿಮಿಷದ ಹೊತ್ತು. ಜೆಸ್ಸಿ ಕ್ರಿಯೆಲ್ ಚೆಂಡು ಹಿಡಿದು ಬರುತ್ತಿದ್ದ. ಕೇನ್ ನೆಟ್ಟಗೆ ನಿಂತಿದ್ದ. ಭುಜ ಹೋಗಿ ನೇರ ತಲೆಗೆ ತಗುಲಿತು. ಆಳಂದ, ಸೇಡಂ, ಜೇವರ್ಗಿ ಕಡೆ ಕಬಡ್ಡಿ ನೋಡಿ ಬೆಳೆದವರಿಗೆ ಹಿಡಿಯುವುದು ಅಂದರೆ ಹಿಮ್ಮಡಿ, ಮೊಣಕಾಲು, ತೊಡೆ, ಹೆಚ್ಚೆಂದರೆ ಸೊಂಟ. ನಮ್ಮ ಗುಂಪಿನ ಹಳೇ ಕಬಡ್ಡಿ ಆಟಗಾರ ಕಾಕಾ ರಿಪ್ಲೇ ನೋಡಿ ಒಂದೇ ಮಾತು ಹೇಳಿದರು: "ಅವ ಬಗ್ಗೇ ಇಲ್ಲಲ್ಲೋ ತಮ್ಮಾ!" ಬಂಕರ್ ಹೇಳಿದ್ದೂ ಹೆಚ್ಚುಕಮ್ಮಿ ಅದೇ. ಅಪಾಯ ಜಾಸ್ತಿ, ಶಿಕ್ಷೆ ಇಳಿಸಲು ಕಾರಣ ಇಲ್ಲ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡ ಮೊದಲಿಗ ಕೇನ್. ಮಹಿಳೆಯರಲ್ಲಿ ಅದು ಒಂದು ವರ್ಷ ಮೊದಲೇ ಆಗಿತ್ತು. ಇಂಗ್ಲೆಂಡ್‌ನ ಲಿಡಿಯಾ ಥಾಂಪ್ಸನ್ 18ನೇ ನಿಮಿಷದಲ್ಲಿ ಹೊರಗೆ ಹೋದರು, ಸತತ 30 ಪಂದ್ಯ ಗೆದ್ದು ಬಂದಿದ್ದ ತಂಡ ನ್ಯೂಜಿಲೆಂಡ್‌ಗೆ 34-31ರಿಂದ ಸೋತಿತು.

ಕೊಲಿಸಿಯದು 45ನೇ ನಿಮಿಷದ್ದು. ಆರ್ಡಿ ಸವಿಯಾ ತಲೆಗೆ ಇವನ ತಲೆ ತಾಗಿತು. ತಪ್ಪು ಹೌದು, ಆದರೆ ಕೆಂಪಿನಷ್ಟು ಅಪಾಯವಿಲ್ಲ ಅಂತ ಬಂಕರ್ ತೀರ್ಮಾನ. ಎರಡನ್ನೂ ನಿಧಾನಕ್ಕೆ ಓಡಿಸಿ ನೋಡಿ, ಹೊಡೆತದ ಜೋರು ಒಂದೇ ಅಲ್ಲ. ನ್ಯಾಯ ಒಂದೇ ಇತ್ತು ಅಂತಲೇ ನನ್ನ ಮಾತು.

ಇನ್ನೊಂದು ವಿಷಯ. ನ್ಯೂಜಿಲೆಂಡ್ ಕೈಯಿಂದ ಪಂದ್ಯ ಹೋದದ್ದು ಕೆಂಪು ಕಾರ್ಡಿನಿಂದ ಅಂತ ಎಲ್ಲರೂ ಹೇಳುತ್ತಾರಲ್ವಾ? ಲೆಕ್ಕ ಹಾಕಿ. ಕೇನ್ ಹೊರಗೆ ಹೋದಾಗ ದಕ್ಷಿಣ ಆಫ್ರಿಕಾ 9-3ರಿಂದ ಮುಂದಿತ್ತು. ಆಮೇಲೆ ದಕ್ಷಿಣ ಆಫ್ರಿಕಾ ಗಳಿಸಿದ್ದು ಬರೀ 3, ನ್ಯೂಜಿಲೆಂಡ್ 8. ದ್ವಿತೀಯಾರ್ಧದಲ್ಲಂತೂ ಗೆದ್ದ ತಂಡದ್ದು ಸೊನ್ನೆ! ಅವರ ಹನ್ನೆರಡೂ ಅಂಕ ಹಾಂಡ್ರೆ ಪೊಲಾರ್ಡ್‌ನ ನಾಲ್ಕು ಪೆನಾಲ್ಟಿ ಒದೆತದಿಂದ, ಒಂದಕ್ಕೆ 3. ಪಂದ್ಯದ ಒಂದೇ ಒಂದು ಟ್ರೈ (ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು, 5 ಅಂಕ) ನ್ಯೂಜಿಲೆಂಡ್‌ನ ಬೋಡೆನ್ ಬ್ಯಾರೆಟ್‌ನದು, 58ನೇ ನಿಮಿಷ. ಅದರ ಕನ್ವರ್ಷನ್ (ಟ್ರೈ ನಂತರ ಸಿಗುವ 2 ಅಂಕದ ಒದೆತ) ರಿಚಿ ಮೊಉಂಗಾ ತಪ್ಪಿಸಿದ. 73ನೇ ನಿಮಿಷದಲ್ಲಿ ಚೆಸ್ಲಿನ್ ಕೊಲ್ಬಿ ಬೇಕಂತಲೇ ಚೆಂಡನ್ನು ಕೈಯಿಂದ ತಟ್ಟಿದ ಅಂತ ಹಳದಿ ಬಿತ್ತು, ಆ ಪೆನಾಲ್ಟಿಯನ್ನು ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದು ತಪ್ಪಿಸಿದ. ಕೊಲ್ಬಿ ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡು ಕುರ್ಚಿಯಲ್ಲಿ ಕೂತಿದ್ದ, ನೋಡಲು ಧೈರ್ಯ ಇರಲಿಲ್ಲ.

ದಕ್ಷಿಣ ಆಫ್ರಿಕಾಕ್ಕೂ ಸುಮ್ನೆ ಸಿಕ್ಕಿದ ಕಪ್ ಅಲ್ಲ ಇದು. ಬೆಂಚಿನಲ್ಲಿ ಏಳು ಜನ ಫಾರ್ವರ್ಡ್ (ಮುಂದೆ ಬಲ ಹಾಕಿ ಆಡುವವರು), ಒಬ್ಬನೇ ಬ್ಯಾಕ್ (ಹಿಂದಿನಿಂದ ಓಡಿ ಆಡುವವ), ದೊಡ್ಡ ಜೂಜು. ಶುರುವಿನಲ್ಲೇ ಹುಕ್ಕರ್ ಬೊಂಗಿ ಎಂಬೊನಾಂಬಿ ಗಾಯಗೊಂಡು ಹೊರಗೆ ಹೋದ, 37ರ ಡಿಯಾನ್ ಫೋರಿ ಉಳಿದ ಪಂದ್ಯವೆಲ್ಲಾ ಆ ಜಾಗದಲ್ಲಿ ಆಡಿದ. ಗೆರೆಯಾಚೆ ಹೋದ ಚೆಂಡನ್ನು ಹುಕ್ಕರ್ ಮತ್ತೆ ಒಳಗೆ ಎಸೆಯುವ ಲೈನ್‌ಔಟ್ ಹದಗೆಟ್ಟಿತು. ಅದನ್ನು ತುಂಬಿಕೊಟ್ಟವನು ಪೀಟರ್ ಸ್ಟೆಫ್ ಡು ಟಾಯ್ಟ್, 28 ಟ್ಯಾಕಲ್! ಕ್ವಾರ್ಟರ್, ಸೆಮಿ, ಫೈನಲ್, ಮೂರನ್ನೂ ಒಂದೊಂದೇ ಅಂಕದಿಂದ ಗೆದ್ದ ತಂಡ.

ನ್ಯೂಜಿಲೆಂಡ್ ಅಭಿಮಾನಿಗಳಿಗೆ ನಿಜವಾದ ದೂರು ಇದ್ದರೆ ಅದು ಏರನ್ ಸ್ಮಿತ್‌ನ ಟ್ರೈ ರದ್ದಾದದ್ದು. ಟ್ರೈಗೆ ಮುಂಚೆ ಲೈನ್‌ಔಟ್‌ನಲ್ಲಿ ಚೆಂಡು ಮುಂದಕ್ಕೆ ಜಾರಿತ್ತು, ನಿಜ. ಆದರೆ ಅಂಥ ತಪ್ಪನ್ನು ವಿಡಿಯೊ ರೆಫರಿ ಎರಡು ಫೇಸ್ (ಒಂದು ಟ್ಯಾಕಲ್‌ನಿಂದ ಮುಂದಿನದರವರೆಗಿನ ಆಟ) ಹಿಂದಕ್ಕಷ್ಟೇ ಹೋಗಿ ನೋಡಬಹುದು ಅಂತ ನಿಯಮ. ಇದು ಅದಕ್ಕಿಂತ ಹಿಂದಿನದು. ಜಗಳ ಆಡಬೇಕಾದರೆ ಇದರ ಬಗ್ಗೆ ಆಡಿ.

2024ರ ನವೆಂಬರ್‌ನಿಂದ 20 ನಿಮಿಷದ ಕೆಂಪು ಕಾರ್ಡಿನ ಪ್ರಯೋಗ ಅಂತಾರಾಷ್ಟ್ರೀಯ ಪಂದ್ಯಗಳಿಗೂ ಬಂತು. ಕಾರ್ಡ್ ಕಂಡವನು ವಾಪಸ್ ಬರುವ ಹಾಗಿಲ್ಲ, 20 ನಿಮಿಷದ ನಂತರ ಅವನ ಬದಲಿಗೆ ಇನ್ನೊಬ್ಬ ಬರಬಹುದು. ಬೇಕಂತಲೇ ಹೊಡೆದರೆ ಮಾತ್ರ ಹಳೇ ಶಿಕ್ಷೆ. ಇದು ಅಂದೇ ಇದ್ದಿದ್ದರೆ 48ನೇ ನಿಮಿಷಕ್ಕೆ ನ್ಯೂಜಿಲೆಂಡ್ ಮತ್ತೆ 15 ಜನ, ಕೊಲಿಸಿ ಹೊರಗಿದ್ದ ಕಾರಣ ದಕ್ಷಿಣ ಆಫ್ರಿಕಾ 14. ಕೊನೆಯ ಏಳು ನಿಮಿಷ, ಕೊಲ್ಬಿ ಇಲ್ಲದಾಗ, ಮತ್ತೆ ಹಾಗೇ. ಒಂದು ಅಂಕದ ಸೋಲು ತಪ್ಪಿಸಲು ಅಷ್ಟು ಸಾಕಿತ್ತು ಅಂತ ಹುಡುಗರು ಹೇಳುತ್ತಾರೆ, ಇರಬಹುದು. ಆದರೂ ಈ ಸಡಿಲಿಕೆ ಬೇಡ ಅಂತ ಪಟ್ಟು ಹಿಡಿದ ಫ್ರಾನ್ಸ್ ರಗ್ಬಿ ಸಂಸ್ಥೆಯ ಕಡೆಗೇ ನಾನು. ನಾಳೆ ಒಬ್ಬನ ಬದಲು ಇನ್ನೊಬ್ಬ ಬರುತ್ತಾನೆ ಅಂತ ಗೊತ್ತಿದ್ದರೆ, ಟ್ರೈನಿಂಗ್‌ನಲ್ಲಿ ಬಗ್ಗಿ ಹಿಡಿಯುವುದನ್ನು ಕಲಿಸಲು ಕೋಚ್‌ಗಳಿಗೆ ಅಷ್ಟೊಂದು ಅವಸರ ಇರುತ್ತದಾ?