ಪದ ಪರಿಚಯ: ಸ್ಟ್ಯಾಟಿನ್ ಇನ್‌ಟಾಲರೆನ್ಸ್

ಮೆಡಿಕಲ್ ಶಾಪಿನ ಕೌಂಟರಿನಲ್ಲಿ, ಆಸ್ಪತ್ರೆ ಫೈಲಿನಲ್ಲಿ, ಈಗ ವಾಟ್ಸ್‌ಆ್ಯಪ್ ಫಾರ್ವರ್ಡುಗಳಲ್ಲೂ ಒಂದೇ ಮಾತು: 'ನನಗೆ ಸ್ಟ್ಯಾಟಿನ್ ಅಲರ್ಜಿ'. ಸ್ಟ್ಯಾಟಿನ್ ಎಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳ ಒಂದು ಗುಂಪು. ಮೊನ್ನೆ ಕಂಡ ಒಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ, ಅಲರ್ಜಿ ಬರೆಯುವ ಜಾಗದಲ್ಲಿ, 'ಪೆನಿಸಿಲಿನ್, ಸ್ಟ್ಯಾಟಿನ್' ಎಂದು ಕೆಂಪು ಶಾಯಿಯಲ್ಲಿ ಅಕ್ಕಪಕ್ಕ ಬರೆದಿತ್ತು. ಅಕ್ಕಪಕ್ಕ ಕೂರಿಸುವ ಹೆಸರುಗಳಲ್ಲ ಅವು. ಅಲ್ಲಿ ಬರೆಯಬೇಕಿದ್ದ ಪದ ಇನ್‌ಟಾಲರೆನ್ಸ್. ಪತ್ರಿಕೆಯವರು ಅದನ್ನು 'ಅಸಹಿಷ್ಣುತೆ' ಎಂದು ಬರೆದರೆ ಟಿವಿ ಚರ್ಚೆ ನೆನಪಾಗುತ್ತದೆ, ಕಾಯಿಲೆ ನೆನಪಾಗುವುದಿಲ್ಲ. ಮನೆಯಲ್ಲಿ ನಾವು ಆಡುವ 'ಮೈಗೆ ಒಗ್ಗಲ್ಲ' ಇದಕ್ಕಿಂತ ಎಷ್ಟೋ ವಾಸಿ.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಗ್ರೀಕಿನ 'ಬೇರೆ' ಮತ್ತು 'ಕೆಲಸ' ಎಂಬರ್ಥದ ಎರಡು ಪದ ಸೇರಿಸಿ ಮಾಡಿದ್ದು. ದೇಹದ ರೋಗನಿರೋಧಕ ವ್ಯವಸ್ಥೆ ಒಂದು ವಸ್ತುವನ್ನು ಗುರುತಿಟ್ಟುಕೊಂಡು ಮುಂದಿನ ಸಲ ಅದರ ಮೇಲೆ ಬೀಳುವುದು ಅಲರ್ಜಿ. ಅಲ್ಲಿ ಡೋಸಿನ ಚೌಕಾಶಿ ನಡೆಯುವುದಿಲ್ಲ. ಚೂರೇ ಚೂರು ತಗುಲಿದರೂ ಮೈಮೇಲೆ ಗಂಧೆ, ತುಟಿ ಊತ, ಉಸಿರುಗಟ್ಟುವುದು ಎಲ್ಲವೂ ಆಗಬಹುದು. ಸ್ಟ್ಯಾಟಿನ್‌ಗೆ ಹೀಗಾಗುವುದು ತೀರಾ ಅಪರೂಪ.

ಒಗ್ಗದಿರುವುದು ಬೇರೆಯೇ ಲೆಕ್ಕ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮಜ್ಜಿಗೆ ಆರಾಮಾಗಿ ಕುಡಿಯುತ್ತಾರೆ, ಕಾಫಿಗೆ ಎರಡು ಚಮಚ ಹಾಲೂ ತಡೆಯುತ್ತದೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಇವ್ಯಾವುದೂ ನಡೆಯುವುದಿಲ್ಲ. ಅಂದರೆ ಒಗ್ಗದಿರುವುದರಲ್ಲಿ 'ಯಾವುದು' ಮತ್ತು 'ಎಷ್ಟು' ಎಂಬ ಪ್ರಶ್ನೆಗಳು ತೆರೆದೇ ಇರುತ್ತವೆ. ಫೈಲಿನಲ್ಲಿ ಅಲರ್ಜಿ ಎಂದು ಬರೆದ ಕ್ಷಣ ಎರಡೂ ಮುಚ್ಚಿಹೋಗುತ್ತವೆ. ಮುಂದಿನ ಡಾಕ್ಟರು ಆ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಸ್ಟ್ಯಾಟಿನ್ ಇಲ್ಲದೆ ವರ್ಷಗಟ್ಟಲೆ ಓಡಾಡುವುದು ಹೀಗೆ.

'ಸ್ಟ್ಯಾಟಿನ್' ಎಂಬುದರಲ್ಲೂ ಒಂದು ತಮಾಷೆ ಇದೆ. 'ನಿಲ್ಲಿಸುವುದು' ಎಂಬರ್ಥದ ಹಳೆಯ ಬೇರಿನಿಂದ ಬಂದ ಬಾಲ ಅದು. ಆದರೆ ಆ ಬಾಲ ಇರುವುದೆಲ್ಲ ಕೊಲೆಸ್ಟ್ರಾಲ್ ಮಾತ್ರೆಯಲ್ಲ. ನಿಸ್ಟಾಟಿನ್ ಶಿಲೀಂಧ್ರದ ಸೋಂಕಿಗೆ ಕೊಡುವ ಔಷಧ. ಅದನ್ನು ಕಂಡುಹಿಡಿದ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಕೆಲಸ ಮಾಡುತ್ತಿದ್ದದ್ದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ. ಹಾಗಾಗಿ ಅದರ ಹೆಸರಿನೊಳಗೆ ಕೂತಿರುವುದು 'ನ್ಯೂಯಾರ್ಕ್ ಸ್ಟೇಟ್'! ಪೆಂಟೊಸ್ಟ್ಯಾಟಿನ್ ರಕ್ತದ ಕ್ಯಾನ್ಸರಿಗೆ ಕೊಡುವುದು. ನಮಗೆ ಬೇಕಾದವು 'ವಾಸ್ಟ್ಯಾಟಿನ್' ಎಂದು ಮುಗಿಯುವವು: ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್, ಪಿಟಾವಾಸ್ಟ್ಯಾಟಿನ್. ಇನ್ನೊಂದು ವಿಷಯ, ಆ ಕೆಂಪು ಶಾಯಿಯವರ ಗಮನಕ್ಕೆ: 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಈ ಗುಂಪಿನ ಮೊದಲ ವಸ್ತುವನ್ನು ಹೆಕ್ಕಿ ತೆಗೆದದ್ದು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದಲೇ. ಹಾಗೆಂದು ಪೆನಿಸಿಲಿನ್‌ಗೂ ಇದಕ್ಕೂ ರಾಸಾಯನಿಕ ನಂಟು ಏನೂ ಇಲ್ಲ.

ಹಾಗಾದರೆ ಒಗ್ಗಲ್ಲ ಎಂದು ಯಾವಾಗ ಹೇಳಬಹುದು? ಅಮೆರಿಕದ ನ್ಯಾಷನಲ್ ಲಿಪಿಡ್ ಅಸೋಸಿಯೇಷನ್ 2022ರಲ್ಲಿ ಕೊಟ್ಟ ವಿವರಣೆ ಬಹಳ ಸರಳ. ಕನಿಷ್ಠ ಎರಡು ಬೇರೆ ಬೇರೆ ಸ್ಟ್ಯಾಟಿನ್ ನುಂಗಿ ನೋಡಿರಬೇಕು. ಅದರಲ್ಲಿ ಒಂದನ್ನಾದರೂ ಅತಿ ಕಡಿಮೆ ಡೋಸಿನಲ್ಲಿ ನೋಡಿರಬೇಕು. ಯಾವ ಡೋಸೂ ತಡೆಯದಿದ್ದರೆ ಪೂರ್ತಿ ಇನ್‌ಟಾಲರೆನ್ಸ್. ಸಣ್ಣ ಡೋಸು ತಡೆದು, ಬೇಕಾದಷ್ಟು ಡೋಸು ತಡೆಯದಿದ್ದರೆ ಭಾಗಶಃ. ಹತ್ತು ದಿನ ಅಟೋರ್ವಾ 40 ನುಂಗಿ, ಮಂಡಿ ನೋವು ಬಂತು ಅಂತ ಬಿಟ್ಟರೆ ಅದು ಎರಡರಲ್ಲಿ ಯಾವುದೂ ಅಲ್ಲ. ಮಂಡಿ ಕೀಲು. ಸ್ಟ್ಯಾಟಿನ್ ಕಾಡುವುದು ಮಾಂಸಖಂಡವನ್ನು. ಅದೂ ಸಾಮಾನ್ಯವಾಗಿ ಎರಡೂ ಕಡೆ ಒಟ್ಟಿಗೆ: ತೊಡೆ, ಪಿರ್ರೆ, ಮೀನಖಂಡ, ಭುಜ. ಶುರುವಾಗುವುದು ಮಾತ್ರೆ ಹಿಡಿದ ಅಥವಾ ಡೋಸು ಏರಿಸಿದ ಕೆಲವು ವಾರಗಳಲ್ಲಿ. ಬಿಟ್ಟ ಕೆಲವು ವಾರಗಳಲ್ಲಿ ಇಳಿಯುತ್ತದೆ. ಎಡಗೈ ಒಂದೇ ನೋಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು.

ಹುಡುಕುವಾಗ ಥೈರಾಯ್ಡ್ ಮರೆಯುವ ಹಾಗಿಲ್ಲ. ಥೈರಾಯ್ಡ್ ಕಡಿಮೆ ಇದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮಾಂಸಖಂಡವೂ ನೋಯುತ್ತದೆ. ಮೊದಲನೆಯದಕ್ಕೆ ಮಾತ್ರೆ ಕೊಟ್ಟು ಎರಡನೆಯದಕ್ಕೆ ಆ ಮಾತ್ರೆಯನ್ನೇ ಬೈಯುವುದು ನಡೆದೇ ಇದೆ. ಕೆಮ್ಮಿಗೆಂದು ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟ ವಾರದಲ್ಲಿ ನೋವು ಶುರುವಾದರೆ ಅದನ್ನೂ ಕೇಳಬೇಕು, ಅದು ಸಿಂವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ.

2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಪ್ರಯೋಗ ನನಗೆ ಇಷ್ಟ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿದ್ದು. ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ತಲಾ 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ಅಟೋರ್ವಾಸ್ಟ್ಯಾಟಿನ್ 20 ಮಿ.ಗ್ರಾಂ, ನಾಲ್ಕರಲ್ಲಿ ಔಷಧವೇ ಇಲ್ಲದ ಸುಳ್ಳು ಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ, ಕ್ರಮ ಕಲಸುಮೇಲೋಗರ. ದಿನವೂ ತೊಂದರೆಗೆ ನೂರಕ್ಕೆ ಎಷ್ಟು ಅಂಕ ಎಂದು ಫೋನಿನಲ್ಲಿ ಒತ್ತಬೇಕು. ಖಾಲಿ ತಿಂಗಳ ಸರಾಸರಿ 8. ಸ್ಟ್ಯಾಟಿನ್ ತಿಂಗಳದ್ದು 16.3. ಸುಳ್ಳು ಮಾತ್ರೆಯದ್ದು 15.4! ಕೆಡುಕಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಆಗುವ ಈ ಕೆಡುಕಿಗೆ ನೊಸೀಬೊ ಎನ್ನುತ್ತಾರೆ. ಇದನ್ನು ಓದಿ 'ಹಾಗಾದರೆ ನೋವೆಲ್ಲ ನಾಟಕ' ಎನ್ನುವವರ ಮೇಲೂ ನನಗೆ ಸಿಟ್ಟಿದೆ. ಅಂಕ ಏರಿದ್ದು ನಿಜ, ನೋವೂ ನಿಜ. ಕಾರಣ ಮಾತ್ರ ಹೆಚ್ಚಿನವರಲ್ಲಿ ಆ ರಾಸಾಯನಿಕವಲ್ಲ. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಹಿಡಿದರು.

ನಿಜಕ್ಕೂ ಮಾಂಸಖಂಡ ಕರಗಿಹೋಗುವ ಪ್ರಕರಣಗಳೂ ಇವೆ. ಸೆರಿವಾಸ್ಟ್ಯಾಟಿನ್ ಎಂಬುದನ್ನು ಇದೇ ಕಾರಣಕ್ಕೆ 2001ರಲ್ಲಿ ಮಾರುಕಟ್ಟೆಯಿಂದ ತೆಗೆದರು. ನೋವಿನ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಪದದ ಚರ್ಚೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಗ್ಗದವರು ಉಳಿಯುತ್ತಾರೆ. ಕಾಂಬಿನೇಷನ್ ಮಾತ್ರೆಯ ಸರದಿ ಬರುವುದು ಆಗ. ಇಲ್ಲಿ ಇನ್ನೊಂದು ಗೊಂದಲ. ನಮ್ಮಲ್ಲಿ 'ಕೊಲೆಸ್ಟ್ರಾಲ್ ಕಾಂಬಿನೇಷನ್' ಎಂದರೆ ಬಹಳ ಸಲ ರೋಸುವಾಸ್ಟ್ಯಾಟಿನ್ ಜೊತೆ ಎಜೆಟಿಮೈಬ್, ಇಲ್ಲವೇ ಸ್ಟ್ಯಾಟಿನ್ ಜೊತೆ ಆಸ್ಪಿರಿನ್. ಭಾಗಶಃ ಒಗ್ಗದವರಿಗೆ ಸಣ್ಣ ಡೋಸಿನ ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಒಳ್ಳೆಯ ದಾರಿಯೇ. ಪೂರ್ತಿ ಒಗ್ಗದವರಿಗೆ ಬರೆಯುವುದು ಬೆಂಪೆಡೊಯಿಕ್ ಆಸಿಡ್ 180 ಮಿ.ಗ್ರಾಂ ಮತ್ತು ಎಜೆಟಿಮೈಬ್ 10 ಮಿ.ಗ್ರಾಂ ಸೇರಿದ್ದು. ಬ್ರ್ಯಾಂಡಿನ ಹೆಸರು ನಂಬಬೇಡಿ, ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರದಲ್ಲಿ 'ವಾಸ್ಟ್ಯಾಟಿನ್' ಇದೆಯಾ ನೋಡಿ.

ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಬೆಂಪೆಡೊಯಿಕ್ ಆಸಿಡ್, ಸ್ಟ್ಯಾಟಿನ್‌ನ ಹಾಗೆಯೇ, ದೇಹ ಕೊಲೆಸ್ಟ್ರಾಲ್ ತಯಾರಿಸುವ ದಾರಿಗೆ ಅಡ್ಡ ನಿಲ್ಲುತ್ತದೆ, ಆದರೆ ಸ್ವಲ್ಪ ಮೊದಲಿನ ಹಂತದಲ್ಲಿ. ಅದು ಕೆಲಸಕ್ಕಿಳಿಯಲು ಒಂದು ಕಿಣ್ವ ಬೇಕು. ಆ ಕಿಣ್ವ ಲಿವರಿನಲ್ಲಿದೆ, ಕೈಕಾಲಿನ ಮಾಂಸಖಂಡದಲ್ಲಿ ಇಲ್ಲ. ಈ ಜಾಣತನದಿಂದಲೇ ಒಗ್ಗದವರಿಗೆ ಅದು ಸಲ್ಲುವುದು. 2023ರ ಕ್ಲಿಯರ್ ಔಟ್‌ಕಮ್ಸ್ ಪ್ರಯೋಗದಲ್ಲಿ ಸ್ಟ್ಯಾಟಿನ್ ಆಗದ, ಇಲ್ಲವೇ ಬೇಡವೆಂದ 13,970 ಜನರಿದ್ದರು. ಬೆಂಪೆಡೊಯಿಕ್ ಆಸಿಡ್ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅಪಾಯಗಳು ಒಟ್ಟಾರೆ 13 ಶೇಕಡ ಕಡಿಮೆಯಾದವು.

ಹಾಗಂತ ಬೆಂಪೆಡೊಯಿಕ್, ಎಜೆಟಿಮೈಬ್ ಜೋಡಿ ಸ್ಟ್ಯಾಟಿನ್‌ಗೆ ಸರಿಸಾಟಿ ಅಲ್ಲ. ಒಂದೊಂದೇ ಕೊಟ್ಟರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಸುಮಾರು 20 ಶೇಕಡ ಇಳಿಯುತ್ತದೆ, ಎರಡೂ ಸೇರಿದರೆ 38ರ ಹತ್ತಿರ. ಪೂರ್ಣ ಡೋಸಿನ ಅಟೋರ್ವಾ ಅಥವಾ ರೋಸುವಾ ಅರ್ಧಕ್ಕರ್ಧ ಇಳಿಸುತ್ತದೆ. ಎಲ್‌ಡಿಎಲ್ 130 ಇದ್ದವರು ಈ ಜೋಡಿಯಿಂದ 80ರ ಆಸುಪಾಸಿಗೆ ಬರುತ್ತಾರೆ. ತೀರಾ ಹೆಚ್ಚು ಅಪಾಯ ಇರುವವರಿಗೆ ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ ಇಟ್ಟಿರುವ ಗುರಿ 50ಕ್ಕಿಂತ ಕೆಳಗೆ. ಉಳಿದ ದಾರಿಗೆ ಇಂಜೆಕ್ಷನ್ನುಗಳಿವೆ, ದುಬಾರಿ. ಅದಕ್ಕೇ ತಡೆಯುವಷ್ಟು ಸ್ಟ್ಯಾಟಿನ್ ಅನ್ನು, 5 ಮಿ.ಗ್ರಾಂ ರೋಸುವಾವನ್ನು ದಿನ ಬಿಟ್ಟು ದಿನವಾದರೂ, ಕೈಬಿಡಬಾರದು ಎಂದು ಡಾಕ್ಟರುಗಳು ಹಟ ಹಿಡಿಯುವುದು.

ಬೆಂಪೆಡೊಯಿಕ್ ಆಸಿಡ್ ರಕ್ತದಲ್ಲಿ ಯೂರಿಕ್ ಆಸಿಡ್ ಏರಿಸುತ್ತದೆ. ಕ್ಲಿಯರ್ ಔಟ್‌ಕಮ್ಸ್ ಪ್ರಯೋಗದಲ್ಲೇ ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು) ಬಂದದ್ದು 3.1 ಶೇಕಡ ಜನಕ್ಕೆ, ಸುಳ್ಳು ಮಾತ್ರೆಯವರಲ್ಲಿ 2.1. ಪಿತ್ತಕೋಶದ ಕಲ್ಲೂ ತುಸು ಜಾಸ್ತಿ. ಹಾಗಾಗಿ ಮಾತ್ರೆ ಬದಲಾದ ಮೇಲೆ ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವ ಹಾಗಾದರೆ ಅದು ಗೌಟ್ ಇರಬಹುದು. ದಯವಿಟ್ಟು ಫೈಲಿನಲ್ಲಿ ಅದನ್ನೂ ಅಲರ್ಜಿ ಎಂದು ಬರೆಸಬೇಡಿ.